ಕರೆಂಟ್ ಯಾವಾಗ ಬರುತ್ತೆ ಅನ್ನೋದು ಮೇ ತಿಂಗಳಲ್ಲೇ ತೀರ್ಮಾನ ಆಗಿರುತ್ತದೆ

ಪ್ರತಿ ಮಳೆಗಾಲದಲ್ಲೂ ಒಂದು ವಿಡಿಯೊ ಬಂದೇ ಬರುತ್ತದೆ. ಸೊಂಟದ ತನಕ ನೀರು, ಹೆಗಲ ಮೇಲೆ ಹಗ್ಗದ ಸುರುಳಿ, ನೀರಿನ ನಡುವೆ ನಿಂತ ಕಂಬದ ಕಡೆ ಹೋಗುತ್ತಿರುವ ಒಬ್ಬ ಪವರ್‌ಮ್ಯಾನ್, ಅಂದರೆ ಕರೆಂಟಿನ ಲೈನ್‌ಮ್ಯಾನ್. ಕೆಳಗೆ ಕೈ ಮುಗಿಯುವ ಇಮೋಜಿಗಳು, 'ನಿಜವಾದ ಹೀರೋ' ಅನ್ನೋ ಕಾಮೆಂಟುಗಳು. ದೊಡ್ಡವರೂ ಅದನ್ನು ಹಂಚಿಕೊಂಡು ಬೆನ್ನು ತಟ್ಟುತ್ತಾರೆ. ಮಾರನೇ ದಿನ ಅದೇ ಜನ ಕರೆಂಟಿನವರ ಸೆಕ್ಷನ್ ಆಫೀಸಿಗೆ ಫೋನ್ ಮಾಡಿ 'ಮೂರು ದಿನ ಆಯ್ತು, ನಿಮಗೆಲ್ಲ ಸಂಬಳ ಯಾಕೆ ಕೊಡೋದು' ಅಂತ ಬೈಯುತ್ತಾರೆ. ಹೊಗಳೋದೂ ಸಹಜ, ಬೈಯೋದೂ ಸಹಜ. ಆದರೆ ಅವನು ಆ ನೀರಿಗೆ ಇಳಿಯೋ ಹಾಗೆ ಆಗಿದ್ದು ಯಾಕೆ ಅಂತ ಇಬ್ಬರೂ ಕೇಳೋದಿಲ್ಲ.

ವಿಪತ್ತಿನಲ್ಲಿ ಕಂಪನಿಗಳ ನೆರವು ಅಂದ ತಕ್ಷಣ ನಮಗೆ ನೆನಪಾಗೋದು ಲೋಗೊ ಇರುವ ಟೀ ಶರ್ಟ್, ಟ್ರಕ್ಕಿಗೆ ಕಟ್ಟಿದ ಬ್ಯಾನರ್, ಅಕ್ಕಿ ಬೇಳೆಯ ಕಿಟ್, ಮತ್ತೆ ಯಾರಿಗೂ ಬೇಡವಾದ ಹಳೇ ಬಟ್ಟೆಯ ರಾಶಿ. ಬಟ್ಟೆ ರಾಶಿ ಬಿಟ್ಟರೆ ಉಳಿದದ್ದೆಲ್ಲ ಬೇಕಾದದ್ದೇ. ಆದರೆ ಒಂದು ಕಂಪನಿ ಜನರಿಗೆ ಮಾಡಬಹುದಾದ ದೊಡ್ಡ ಉಪಕಾರ ಅದಲ್ಲ. ದಿನಾ ಮಾಡೋ ಕೆಲಸವನ್ನೇ ಆವತ್ತೂ ಮಾಡೋದು. ಕರೆಂಟ್ ಕೊಡೋದು, ನೀರು ಬಿಡೋದು, ಫೋನ್ ನಡೆಯೋ ಹಾಗೆ ನೋಡಿಕೊಳ್ಳೋದು, ಅವರದೇ ದುಡ್ಡನ್ನು ಅವರ ಕೈಗೆ ತಲುಪಿಸೋದು. ಇದನ್ನು ಮಾಡೋನು ಸಿಇಒ ಅಲ್ಲ, ಆ ಊರಲ್ಲೇ ಇರುವ ಅತಿ ಕೆಳಗಿನ ದರ್ಜೆಯ ನೌಕರ. ಅವನಿಗೆ ಮನಸ್ಸಿದೆಯಾ ಇಲ್ಲವಾ ಅನ್ನೋದು ನನ್ನ ಪ್ರಶ್ನೆಯಲ್ಲ. ಮನಸ್ಸು ಬಹಳ ಜನಕ್ಕೆ ಇರುತ್ತದೆ. ಸಾಮಾನು, ಜೊತೆಗೆ ನಾಲ್ಕು ಆಳು, ಜೀವಕ್ಕೆ ರಕ್ಷಣೆ, ಸ್ಥಳದಲ್ಲೇ ನಿರ್ಧಾರ ಮಾಡೋ ಅಧಿಕಾರ, ಇವನ್ನು ಮಳೆ ಬರೋ ಮುಂಚೆಯೇ ಅವನ ಕೈಗೆ ಕೊಟ್ಟಿದ್ದಾರಾ ಅನ್ನೋದೇ ಪ್ರಶ್ನೆ.

ಉದಾಹರಣೆಗೆ ಕರೆಂಟಿನವರನ್ನೇ ತಗೊಳ್ಳುತ್ತೇನೆ. ಕರೆಂಟ್ ಹೋದರೆ ಕುಡಿಯುವ ನೀರಿನ ಮೋಟರ್ ನಿಲ್ಲುತ್ತದೆ, ಟವರಿನ ಬ್ಯಾಟರಿ ಖಾಲಿ ಆಗುತ್ತದೆ, ಎಟಿಎಂ ಬಂದ್, ಪೆಟ್ರೋಲ್ ಬಂಕ್ ಬಂದ್, ಗಂಜಿ ಕೇಂದ್ರದಲ್ಲಿ ಕತ್ತಲೆ. ಉಳಿದವರ ಸಹಾಯವೆಲ್ಲ ಇವರ ಕೆಲಸ ಆಗಲಿ ಅಂತ ಕಾಯುತ್ತಾ ಇರುತ್ತದೆ. ಹಳ್ಳಿ ಕಡೆ ಇವತ್ತಿಗೂ ಇವರು ಕೆಇಬಿಯವರು. ಆದರೆ ಕೆಇಬಿ ಹೋಗಿ 1999ರಲ್ಲಿ ಕೆಪಿಟಿಸಿಎಲ್ ಆಯಿತು, 2002ರಲ್ಲಿ ವಿತರಣೆ ಬೇರೆಯಾಗಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಬಂದವು, ಆಮೇಲೆ ಮೈಸೂರು ಭಾಗಕ್ಕೆ ಚಾಮುಂಡೇಶ್ವರಿ ಕಂಪನಿ, ಅಂದರೆ ಸೆಸ್ಕ್. ಸರ್ಕಾರದ್ದೇ ಆದರೂ ಇವು ಕಂಪನಿಗಳು. ಎಂಡಿ ಇದ್ದಾರೆ, ಬೋರ್ಡ್ ಇದೆ, ಲಾಭ ನಷ್ಟದ ಲೆಕ್ಕ ಇದೆ, ನಾವು ಗ್ರಾಹಕರು.

2018ರ ಆಗಸ್ಟ್ ಮಧ್ಯದಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದು ನೆನಪಿರಬೇಕು. ಮಕ್ಕಂದೂರು, ಮುಕ್ಕೋಡ್ಲು, ಮದೆನಾಡು, ಜೋಡುಪಾಲ. ಮಡಿಕೇರಿಯಿಂದ ಸಂಪಾಜೆಗೆ ಇಳಿಯೋ ಹೆದ್ದಾರಿ ಕಡಿದುಹೋಯಿತು. ಗಾಳಿಗೆ ಕಂಬ ಬಿದ್ದರೆ ಅದೇ ಗುಂಡಿಯ ಪಕ್ಕ ಇನ್ನೊಂದು ನೆಡಬಹುದು. ಅಲ್ಲಿ ಎಷ್ಟೋ ಕಡೆ ಕಂಬ ನಿಂತಿದ್ದ ಜಾಗವೇ ಉಳಿದಿರಲಿಲ್ಲ. ಲೈನ್ ಎಲ್ಲಿಂದ ಎಳೆಯಬೇಕು ಅನ್ನೋದನ್ನೇ ಹೊಸದಾಗಿ ಯೋಚಿಸಬೇಕು. ಅದಕ್ಕೆ ಅಳತೆ ಬೇಕು, ತೋಟದವರ ಒಪ್ಪಿಗೆ ಬೇಕು, ಮರ ಇದ್ದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಇಷ್ಟೆಲ್ಲ ಇರುವಾಗ ಮಡಿಕೇರಿ ಪೇಟೆಯಲ್ಲಿ ದೀಪ ಹತ್ತಿ, ಏಳೆಂಟು ಕಿಲೋಮೀಟರ್ ಆಚೆಯ ಮನೆ ವಾರಗಟ್ಟಲೆ ಕತ್ತಲಲ್ಲಿ ಇತ್ತು ಅಂದರೆ ಅದಕ್ಕೆ ಯಾರದೋ ಸೋಮಾರಿತನ ಅಂತ ಕಾರಣ ಹುಡುಕೋದು ಸುಲಭ. ಆದರೆ ಕರೆಂಟ್ ವಾಪಸ್ ಬರುವ ದಾರಿ ಹೇಗಿದೆ ಅಂತ ಗೊತ್ತಾದರೆ ಬೈಗುಳದ ಅರ್ಧ ತಾನಾಗಿಯೇ ಇಳಿಯುತ್ತದೆ. ಉಳಿದ ಅರ್ಧ ಸರಿಯಾದ ಕಡೆ ಹೋಗುತ್ತದೆ.

ಕರೆಂಟ್ ಮೇಲಿನಿಂದ ಕೆಳಕ್ಕೆ ಬರಬೇಕು. ಮೊದಲು ಸಬ್‌ಸ್ಟೇಷನ್‌ಗೆ ಬರುವ ದೊಡ್ಡ ಲೈನ್. ಅಲ್ಲಿಂದ ಊರುಗಳ ಕಡೆ ಹೊರಡುವ 11 ಕೆವಿ, ಅಂದರೆ 11 ಸಾವಿರ ವೋಲ್ಟಿನ ಫೀಡರ್ ಲೈನ್‌ಗಳು. ಫೀಡರ್ ಮೇಲೆ ಅಲ್ಲಲ್ಲಿ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಟಿಸಿಯಿಂದ ಕಡಿಮೆ ವೋಲ್ಟೇಜಿನ ಬೀದಿ ಲೈನ್, ಅಂದರೆ ಎಲ್‌ಟಿ ಲೈನ್, ಕೊನೆಗೆ ನಿಮ್ಮ ಮನೆಗೆ ಬರುವ ಸರ್ವಿಸ್ ವೈರ್. ಒಂದು ಫೀಡರ್ ಸರಿಯಾದರೆ ಸಾವಿರಾರು ಮನೆ ಬೆಳಗಬಹುದು, ಒಂದು ಸರ್ವಿಸ್ ವೈರ್ ಸರಿಯಾದರೆ ಒಂದೇ ಮನೆ. ಹಾಗಾಗಿ ಮೊದಲು ಫೀಡರ್, ಅದರಲ್ಲೂ ಆಸ್ಪತ್ರೆ ಮತ್ತು ನೀರಿನ ಪಂಪ್ ಇರುವ ಫೀಡರ್. ಪಕ್ಕದ ಮನೆಯಲ್ಲಿ ಲೈಟ್ ಇದೆ, ನಮ್ಮಲ್ಲಿ ಇಲ್ಲ ಅಂದರೆ ಬಹಳ ಸಲ ನಿಮ್ಮಿಬ್ಬರ ಫೇಸ್ ಬೇರೆ, ಇಲ್ಲ ಟಿಸಿಯೇ ಬೇರೆ. ಲಂಚದ ಕಥೆ ಆಮೇಲೆ ಕಟ್ಟಿದರಾಯಿತು.

ಮಲೆನಾಡಿನಲ್ಲಿ 11 ಕೆವಿ ಫೀಡರ್ ಅಂದರೆ ಹತ್ತಾರು ಕಿಲೋಮೀಟರ್. ಕಾಫಿ ತೋಟ, ಸಿಲ್ವರ್ ಓಕ್ ಸಾಲು, ಹೊಳೆ, ಕಾಡು, ಎಲ್ಲದರ ನಡುವೆ ಹೋಗುತ್ತದೆ. ಫಾಲ್ಟ್ ಎಲ್ಲಿದೆ ಅಂತ ಯಾವ ಸ್ಕ್ರೀನೂ ತೋರಿಸೋದಿಲ್ಲ, ಕನಿಷ್ಠ ಹೆಚ್ಚಿನ ಹಳ್ಳಿ ಫೀಡರ್‌ಗಳಲ್ಲಿ. ನಡೆದುಕೊಂಡೇ ಹೋಗಬೇಕು. ನಡುವೆ ಇರುವ ಜಿಒಎಸ್ ಸ್ವಿಚ್ ತೆರೆದು ಲೈನನ್ನು ಎರಡು ತುಂಡು ಮಾಡುತ್ತಾರೆ, ಸ್ಟೇಷನ್‌ಗೆ ಹೇಳಿ ಈ ಕಡೆಯ ಅರ್ಧವನ್ನು ಚಾರ್ಜ್ ಮಾಡಿಸುತ್ತಾರೆ, ಅಂದರೆ ಕರೆಂಟ್ ಬಿಡಿಸುತ್ತಾರೆ. ಟ್ರಿಪ್ ಆಗದೆ ನಿಂತರೆ ಫಾಲ್ಟ್ ಆ ಕಡೆ. ಟ್ರಿಪ್ ಆದರೆ ಈ ಕಡೆಯೇ. ಮತ್ತೆ ನಡಿಗೆ. ಒಂದು ಕೊಂಬೆ ತೆಗೆದು ಮುಗಿಯಿತು ಅನ್ನುವಷ್ಟರಲ್ಲಿ ಒಂದು ಕಿಲೋಮೀಟರ್ ಮುಂದೆ ಇನ್ನೊಂದು ಮರ ಬಿದ್ದಿರುತ್ತದೆ. ಮಧ್ಯೆ ಮಧ್ಯೆ ಜೇಬಿನ ಫೋನ್ ಹೊಡೆದುಕೊಳ್ಳುತ್ತಲೇ ಇರುತ್ತದೆ.

"ಏನಪ್ಪಾ, ನಮ್ಮ ಲೈನ್ ಯಾವಾಗ?"

"ಸರ್, ಫೀಡರ್ ಹೋಲ್ಡ್ ಆಗವಲ್ದು ರೀ. ಇನ್ನೂ ಎಲ್ಲೋ ಫಾಲ್ಟ್ ಐತಿ."

ಈ ಎರಡನೇ ದನಿ ಕೊಡಗಿನಲ್ಲೂ ಕೇಳುತ್ತದೆ, ಬೆಳ್ತಂಗಡಿಯಲ್ಲೂ ಕೇಳುತ್ತದೆ. ಮೆಸ್ಕಾಂ, ಸೆಸ್ಕ್ ಪವರ್‌ಮ್ಯಾನ್‌ಗಳಲ್ಲಿ ಉತ್ತರ ಕರ್ನಾಟಕದ ಹುಡುಗರು ಬಹಳ. ಎಸ್ಸೆಸ್ಸೆಲ್ಸಿ ಅಂಕದ ಮೇಲೆ ಆಯ್ಕೆ, ಆಮೇಲೆ ಕಂಬ ಹತ್ತುವ ಪರೀಕ್ಷೆ. ಪಾಸಾದ ಹುಡುಗ ಊರು ಬಿಟ್ಟು ಐನೂರು ಕಿಲೋಮೀಟರ್ ದೂರದ, ಆರು ತಿಂಗಳು ಮಳೆ ಸುರಿಯುವ ಜಾಗಕ್ಕೆ ಬಂದು ಬೀಳುತ್ತಾನೆ. 2019ರ ಆಗಸ್ಟ್ ನೆನಪು ಮಾಡಿಕೊಳ್ಳಿ. ಈ ಕಡೆ ಕೊಡಗು, ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿತ. ಅದೇ ವಾರ ಆ ಕಡೆ ಕೃಷ್ಣಾ, ಮಲಪ್ರಭಾ, ಘಟಪ್ರಭಾ ಉಕ್ಕಿ ಬೆಳಗಾವಿ, ಬಾಗಲಕೋಟೆ, ಗದಗದ ಹಳ್ಳಿಗಳು ನೀರೊಳಗೆ. ಅಂದರೆ ಇಲ್ಲಿ ಬೇರೆಯವರ ಮನೆಗೆ ಕರೆಂಟ್ ಕೊಡಲು ಕಂಬ ಹತ್ತಿದ್ದವನ ಅಪ್ಪ ಅಮ್ಮ ಅಲ್ಲಿ ಗಂಜಿ ಕೇಂದ್ರದಲ್ಲಿ ಇದ್ದಿರಬಹುದು. ಆ ಹೊತ್ತಿನಲ್ಲಿ ರಜೆ ಅಂತೂ ಸಿಗೋದಿಲ್ಲ. ವಿಕೋಪದ ಕಾಲಕ್ಕೆ ಎಲ್ಲ ರಜೆ ರದ್ದು ಅಂತ ಆದೇಶ ಬರುತ್ತದೆ. ಆ ಆದೇಶದ ಜೊತೆ, ಸ್ವಂತ ಮನೆ ಮುಳುಗಿದ ನೌಕರನಿಗೆ ಏನು ವ್ಯವಸ್ಥೆ ಅಂತ ಒಂದು ಸಾಲು ಬರೆಯೋದು ಕಷ್ಟದ ಕೆಲಸವೇನಲ್ಲ, ಅಲ್ವಾ? 'ನೌಕರರೇ ನಮ್ಮ ಆಸ್ತಿ' ಅಂತ ವಾರ್ಷಿಕ ವರದಿಯಲ್ಲಿ ಬರೆಯುವ ಕಂಪನಿಗಳು ಇದನ್ನು ಮೊದಲು ಮಾಡಬೇಕು.

ದೂರದಿಂದ ಬಂದವನಿಗೆ ಇನ್ನೊಂದು ಕಷ್ಟ ಇದೆ. ತೋಟದ ಒಳದಾರಿ ಗೊತ್ತಿರೋದಿಲ್ಲ. ಯಾವ ಹೊಳೆ ಯಾವಾಗ ಏರುತ್ತದೆ, ಯಾವ ಕಾಲುಸಂಕ ನಂಬಬಹುದು, ಇದು ಆ ಊರಿನವರಿಗೆ ಮಾತ್ರ ಗೊತ್ತು. ಅದಕ್ಕೇ ಮಳೆಗಾಲಕ್ಕೆ ಅಂತ ಸ್ಥಳೀಯ ಗ್ಯಾಂಗ್‌ಮನ್‌ಗಳನ್ನು ತಾತ್ಕಾಲಿಕವಾಗಿ ತೆಗೆದುಕೊಳ್ಳೋ ಪದ್ಧತಿ ಇದೆ. ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲಿ ಇದಕ್ಕಿಂತ ಬುದ್ಧಿವಂತ ಕ್ರಮ ಇನ್ನೊಂದಿಲ್ಲ, ಮತ್ತು ಕಡಿಮೆ ದುಡ್ಡು ಹಾಕುವುದೂ ಇದಕ್ಕೇ. ಕಂಬ ಎತ್ತುವುದು ನೋಡಿದವರಿಗೆ ಅರ್ಥ ಆಗುತ್ತದೆ. ಒಂದು ಸಿಮೆಂಟ್ ಕಂಬ ಮೂರ್ನಾಲ್ಕು ನೂರು ಕೆಜಿ ಇರುತ್ತದೆ. ರಸ್ತೆ ಇರುವ ತನಕ ಟ್ರ್ಯಾಕ್ಟರ್ ಬರುತ್ತದೆ. ಆಮೇಲೆ ಹಗ್ಗ ಕಟ್ಟಿ, ಅಡ್ಡ ದೊಣ್ಣೆ ಹಾಕಿ, ಎಂಟು ಹತ್ತು ಜನ ಹೆಗಲು ಕೊಟ್ಟು, ಜಾರುವ ಕೆಸರಲ್ಲಿ ಹೆಜ್ಜೆ ಹೆಜ್ಜೆ ಇಡಬೇಕು. ಒಬ್ಬನ ಕಾಲು ಜಾರಿದರೆ ಭಾರ ಪಕ್ಕದವನ ಮೇಲೆ. ಕಾಲಿಗೆ ಇಂಬಳ ಹತ್ತಿದರೂ ಕಂಬ ಇಳಿಸೋ ತನಕ ಕೀಳುವ ಹಾಗಿಲ್ಲ. ಈ ಎಂಟು ಹತ್ತು ಜನ ಎಲ್ಲಿಂದ ಬರುತ್ತಾರೆ? ಸೆಕ್ಷನ್‌ನಲ್ಲಿ ಇರುವ ಪವರ್‌ಮ್ಯಾನ್‌ಗಳೆಲ್ಲ ಸೇರಿದರೂ ಬಹಳ ಕಡೆ ಅಷ್ಟು ಜನ ಆಗೋದಿಲ್ಲ. ಊರ ಹುಡುಗರು ಬಂದು ಹೆಗಲು ಕೊಡುತ್ತಾರೆ, ತೋಟದ ಸಾಹುಕಾರರು ತಮ್ಮ ಆಳುಗಳನ್ನು ಕಳಿಸುತ್ತಾರೆ, ಯಾರೋ ಕಾಫಿ, ಅವಲಕ್ಕಿ ತರುತ್ತಾರೆ. ಪತ್ರಿಕೆಯಲ್ಲಿ ಬರುವ 'ಸಿಬ್ಬಂದಿ ಹಗಲಿರುಳು ಶ್ರಮ' ಅನ್ನೋ ಸುದ್ದಿಯಲ್ಲಿ ಇವರು ಯಾರೂ ಇರೋದಿಲ್ಲ.

ಈಗ ಜೀವದ ವಿಷಯ. ಲೈನ್ ಮುಟ್ಟುವ ಮೊದಲು ಎಲ್‌ಸಿ ತಗೊಳ್ಳಬೇಕು, ಅಂದರೆ ಲೈನ್ ಕ್ಲಿಯರ್. ಸ್ಟೇಷನ್ ಆಪರೇಟರ್ ಬ್ರೇಕರ್ ತೆಗೆದು, ಯಾರಿಗೆ, ಯಾವ ಫೀಡರ್, ಎಷ್ಟು ಗಂಟೆಗೆ ಅಂತ ಬರೆದು ನಂಬರ್ ಕೊಡುತ್ತಾರೆ. ಎಲ್‌ಸಿ ತಗೊಂಡವನೇ ವಾಪಸ್ ಕೊಡೋ ತನಕ ಆ ಲೈನ್ ಚಾರ್ಜ್ ಆಗಕೂಡದು. ಆದರೆ ಫೋನ್ ಟವರೇ ಬಿದ್ದಿರುವ ದಿನ ಈ ಮಾತುಕತೆ ನಡೆಯೋದು ಹೇಗೆ ಯೋಚಿಸಿ. ಅಷ್ಟೇ ಅಲ್ಲ. ಎಲ್‌ಸಿ ಇದ್ದರೂ ಕೆಲಸ ಮಾಡುವ ಜಾಗದ ಎರಡೂ ಕಡೆ ತಂತಿಗಳನ್ನು ಅರ್ಥ್ ಮಾಡಬೇಕು, ಅಂದರೆ ನೆಲಕ್ಕೆ ಜೋಡಿಸಬೇಕು. ಯಾಕೆ ಗೊತ್ತಾ? ನಮ್ಮ ನಿಮ್ಮ ಮನೆಯ ಜನರೇಟರ್‌ಗಳಿಂದಾಗಿ. ಹೊರಗಿನ ಲೈನನ್ನೂ ಜನರೇಟರನ್ನೂ ಬೇರೆ ಮಾಡುವ ಚೇಂಜ್ ಓವರ್ ಸ್ವಿಚ್ ಹಾಕದೆ ಜನರೇಟರನ್ನು ಸೀದಾ ಮನೆ ವೈರಿಂಗ್‌ಗೆ ಸಿಕ್ಕಿಸಿದರೆ ಕರೆಂಟ್ ಉಲ್ಟಾ ಹೋಗಿ ಎಲ್‌ಟಿ ಲೈನ್‌ಗೆ ಹತ್ತುತ್ತದೆ, ಅಲ್ಲಿಂದ ಟಿಸಿಗೆ. ಟಿಸಿ ದಿನಾ 11 ಸಾವಿರ ವೋಲ್ಟನ್ನು ಮನೆಯ ಮಟ್ಟಕ್ಕೆ ಇಳಿಸುತ್ತದೆ ತಾನೇ, ಉಲ್ಟಾ ಬಂದದ್ದನ್ನು ಅದೇ ಲೆಕ್ಕದಲ್ಲಿ ಏರಿಸುತ್ತದೆ. ಫ್ರಿಜ್ ಓಡಲಿ ಅಂತ ನಾವು ಸ್ಟಾರ್ಟ್ ಮಾಡಿದ ಜನರೇಟರ್, ಎರಡು ಕಿಲೋಮೀಟರ್ ದೂರದಲ್ಲಿ ಕಂಬದ ಮೇಲಿರುವವನ ಜೀವ ತೆಗೆಯಬಹುದು. ಗ್ರಾಹಕರಿಗೆ ನೌಕರರು ಮಾಡುವ ಸಹಾಯದ ಬಗ್ಗೆ ಎಷ್ಟೋ ಬರೆಯುತ್ತಾರೆ. ಗ್ರಾಹಕ ನೌಕರನಿಗೆ ಮಾಡಬೇಕಾದ ಸಹಾಯ ಒಂದು ಸಾವಿರದ ಸ್ವಿಚ್ಚಿನಷ್ಟು ಚಿಕ್ಕದು.

ಅವಸರ ಇನ್ನೊಂದು ಶತ್ರು. ಶಾಸಕರು ಫೋನ್ ಮಾಡುತ್ತಾರೆ, ತಹಸೀಲ್ದಾರರು ಮಾಡುತ್ತಾರೆ, ಮೇಲಿನ ಇಂಜಿನಿಯರ್ ಮಾಡುತ್ತಾರೆ. ಎಲ್ಲರಿಗೂ 'ಇನ್ನು ಎಷ್ಟು ಹೊತ್ತು' ಅನ್ನೋದಕ್ಕೆ ಉತ್ತರ ಬೇಕು. ಒತ್ತಡ ಒಬ್ಬೊಬ್ಬರನ್ನೇ ದಾಟಿ ಕೊನೆಗೆ ಕಂಬದ ಕೆಳಗೆ ನಿಂತವನ ತಲೆ ಮೇಲೆ ಕೂರುತ್ತದೆ. ಆಗ ಗ್ಲೌಸ್ ಹಾಕೋದು ಬಿಟ್ಟುಹೋಗುತ್ತದೆ, ಅರ್ಥ್ ಹಾಕೋದು ಬಿಟ್ಟುಹೋಗುತ್ತದೆ. ವಿಡಿಯೊ ನೋಡಿ ನಾವು ಚಪ್ಪಾಳೆ ಹೊಡೆಯುವ ಧೈರ್ಯದಲ್ಲಿ ಒಂದು ಪಾಲು ಇಂಥ ಅವಸರವೇ. ಸುರಕ್ಷತಾ ನಿಯಮದ ಪ್ರಕಾರ ನೋಡಿದರೆ ಅವನನ್ನು ಆ ನೀರಿಗೆ ಇಳಿಯಬೇಡ ಅನ್ನಬೇಕಿತ್ತು. ಅದರಲ್ಲೂ ಗುತ್ತಿಗೆಯವನಾದರೆ, ಏನಾದರೂ ಆದ ಮೇಲೆ ಮನೆಯವರು ಕಂಪನಿ ಮತ್ತು ಗುತ್ತಿಗೆದಾರನ ನಡುವೆ ಓಡಾಡಬೇಕಾಗುತ್ತದೆ.

ಕೆಲವೊಮ್ಮೆ ಕರೆಂಟ್ ಕೊಡದೇ ಇರೋದೇ ಸಹಾಯ. ಇದು ಜನರಿಗೆ ಒಪ್ಪಿಸೋದು ಕಷ್ಟ. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆ, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ನೀರು ನುಗ್ಗಿದಾಗ ಐಟಿ ನೌಕರರು ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋದ ಫೋಟೊಗಳು ಎಲ್ಲ ಕಡೆ ಓಡಾಡಿದವು. ಅಪಾರ್ಟ್‌ಮೆಂಟ್‌ಗಳಲ್ಲಿ ಮೀಟರ್ ಬೋರ್ಡ್ ಇರೋದು ಎಲ್ಲಿ? ಬೇಸ್‌ಮೆಂಟ್‌ನಲ್ಲಿ. ಜನರೇಟರ್ ಎಲ್ಲಿ? ಬಹಳ ಕಡೆ ಅದೂ ಅಲ್ಲೇ. ಬೇಸ್‌ಮೆಂಟ್ ತುಂಬಾ ನೀರು ಇರುವಾಗ ಮೇಲಿನ ಹತ್ತನೇ ಮಹಡಿಯವರು ಲಿಫ್ಟ್ ಬೇಕು, ಕರೆಂಟ್ ಕೊಡಿ ಅಂದರೆ ಇಲ್ಲ ಅನ್ನುವ ಲೈನ್‌ಮ್ಯಾನ್ ಒಳ್ಳೆಯವನು. 2023ರ ನವೆಂಬರ್‌ನಲ್ಲಿ ಕಾಡುಗೋಡಿಯಲ್ಲಿ ಫುಟ್‌ಪಾತ್ ಮೇಲೆ ಬಿದ್ದಿದ್ದ ಲೈವ್ ತಂತಿ ತುಳಿದು ತಾಯಿ, ಮಗು ಇಬ್ಬರೂ ಹೋದರು. ಅದು ಪ್ರವಾಹವೂ ಅಲ್ಲ, ಚಂಡಮಾರುತವೂ ಅಲ್ಲ, ಮಾಮೂಲು ದಿನ. ಬಿದ್ದ ತಂತಿಯ ಲೈನನ್ನು ಆಫ್ ಮಾಡುವ ಕೆಲಸ ಎಷ್ಟು ಮುಖ್ಯ ಅಂತ ಹೇಳಲು ಇದಕ್ಕಿಂತ ಉದಾಹರಣೆ ಬೇಡ.

ಅದೇ 2022ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಘಟನೆ ನಡೆಯಿತು. ಅದರ ಫೋಟೊ ಟ್ರ್ಯಾಕ್ಟರಿನಷ್ಟು ಓಡಾಡಲಿಲ್ಲ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ, ಬೆಂಗಳೂರಿಗೆ ಕಾವೇರಿ ನೀರು ಎತ್ತುವ ಜಲಮಂಡಳಿಯ ಪಂಪ್‌ಹೌಸ್‌ಗೇ ನೀರು ನುಗ್ಗಿತು. ಮೇಲೆ ಮಳೆ, ರಸ್ತೆಯಲ್ಲಿ ಪ್ರವಾಹ, ನಲ್ಲಿಯಲ್ಲಿ ಮಾತ್ರ ನೀರಿಲ್ಲ. ನೀರು ಹೊರ ಹಾಕಿ, ಮೋಟರ್ ಒಣಗಿಸಿ, ಒಂದೊಂದೇ ಪಂಪ್ ಶುರು ಮಾಡಬೇಕಾಯಿತು. 2019ರಲ್ಲಿ ಉತ್ತರ ಕರ್ನಾಟಕದ ನದಿ ದಂಡೆಯ ಹಳ್ಳಿಗಳಲ್ಲಿ ಆದದ್ದೂ ಇದೇ. ನದಿಯಿಂದ ನೀರೆತ್ತುವ ಜಾಕ್‌ವೆಲ್ ಮುಳುಗಿತು, ಟಿಸಿ ಮುಳುಗಿತು, ಸುತ್ತ ಸಮುದ್ರದ ಹಾಗೆ ನೀರಿದ್ದರೂ ಕುಡಿಯಲು ಟ್ಯಾಂಕರ್ ಕಾಯಬೇಕು. ಮುಳುಗಿದ ಟಿಸಿಯನ್ನು ಒರೆಸಿ ಸ್ವಿಚ್ ಹಾಕಲು ಆಗೋದಿಲ್ಲ. ಒಳಗಿನ ಎಣ್ಣೆಗೆ ನೀರು ಸೇರಿರುತ್ತದೆ. ಬಿಚ್ಚಿ, ಕಾಯಿಲ್ ಒಣಗಿಸಿ, ಎಣ್ಣೆ ಫಿಲ್ಟರ್ ಮಾಡಿ, ಟೆಸ್ಟ್ ಮಾಡಿ ವಾಪಸ್ ಇಡಬೇಕು. ಇಲ್ಲ, ಸ್ಟೋರಿನಲ್ಲಿ ಬದಲಿ ಟಿಸಿ ಇರಬೇಕು. ಇದೆಯಾ?

ಮಳೆಗೆ ಮುಂಚೆ ಸೆಕ್ಷನ್ ಯಾರ್ಡ್‌ನಲ್ಲಿ ಎಷ್ಟು ಕಂಬ ಬಿದ್ದಿದೆ, ಎಷ್ಟು ಸುರುಳಿ ತಂತಿ ಇದೆ, ಇನ್ಸುಲೇಟರ್, ಫ್ಯೂಸ್, ಬದಲಿ ಟಿಸಿ ಎಷ್ಟು, ಕೊಂಬೆ ಕಡಿಯುವ ಕೆಲಸ ಯಾವ ಫೀಡರ್‌ನಲ್ಲಿ ಮುಗಿದಿದೆ, ಆಗಸ್ಟ್‌ನಲ್ಲಿ ಕತ್ತಲು ಎಷ್ಟು ದಿನ ಅನ್ನೋದನ್ನು ಇವೇ ಹೇಳುತ್ತವೆ. ಸಾಮಾನಿಲ್ಲದ ಪವರ್‌ಮ್ಯಾನ್ ಎಷ್ಟೇ ಒಳ್ಳೆಯವನಾದರೂ ತುಂಡಾದ ತಂತಿಗೆ ಗಂಟು ಹಾಕಬಲ್ಲ, ಅಷ್ಟೇ. ಆ ಗಂಟು ಮುಂದಿನ ಗಾಳಿಗೆ ಬಿಚ್ಚುತ್ತದೆ. ದುಡ್ಡಿನ ಕಥೆ ಹೀಗೆ: ವಿಪತ್ತು ಪರಿಹಾರ ನಿಧಿಯ 2015ರಿಂದ 2020ರ ಅವಧಿಯ ನಿಯಮದಲ್ಲಿ ಹಾನಿಯಾದ ಒಂದು ಕಂಬಕ್ಕೆ 4,000 ರೂಪಾಯಿ, ಒಂದು ಕಿಲೋಮೀಟರ್ ತಂತಿಗೆ 50,000, ಒಂದು ಟಿಸಿಗೆ 1 ಲಕ್ಷ ಅಂತ ಇತ್ತು. ಸಾಗಾಟ, ಗುಂಡಿ, ಹತ್ತು ಜನರ ಕೂಲಿ ಸೇರಿಸಿ ಮುಕ್ಕೋಡ್ಲಿನಂಥ ಗುಡ್ಡದ ಮೇಲೆ ನಾಲ್ಕು ಸಾವಿರಕ್ಕೆ ಒಂದು ಕಂಬ ನಿಲ್ಲಿಸಲು ಆಗುತ್ತಾ, ನೀವೇ ಹೇಳಿ. ಬಾಕಿ ದುಡ್ಡು ಕಂಪನಿಯ ಜೇಬಿನಿಂದ ಬರಬೇಕು. ಆ ಜೇಬು ಮೊದಲೇ ಖಾಲಿ.

ಕೇರಳದವರು 2018ರ ಪ್ರವಾಹದ ನಂತರ ಮಾಡಿದ್ದನ್ನು ಇಲ್ಲಿ ಹೇಳಲೇಬೇಕು. ಅಲ್ಲಿ 25 ಲಕ್ಷಕ್ಕೂ ಜಾಸ್ತಿ ಸಂಪರ್ಕಗಳು ಹೋಗಿದ್ದವು. ಅಲ್ಲಿನ ವಿದ್ಯುತ್ ಮಂಡಳಿ ಕೆಎಸ್‌ಇಬಿ 'ಮಿಷನ್ ರೀಕನೆಕ್ಟ್' ಅಂತ ಹೆಸರಿಟ್ಟು ಕೆಲಸಕ್ಕೆ ಇಳಿಯಿತು. ನಿವೃತ್ತರಾದವರನ್ನೂ ಕರೆದರು. ನನಗೆ ಇಷ್ಟವಾದದ್ದು ಒಂದು ಸಣ್ಣ ನಿರ್ಧಾರ. ನೀರು ನುಗ್ಗಿ ವೈರಿಂಗ್ ಹಾಳಾದ ಮನೆಗೆ ಪೂರ್ತಿ ಕರೆಂಟ್ ಕೊಟ್ಟರೆ ಅಪಾಯ, ರಿಪೇರಿ ಆಗೋ ತನಕ ಕಾಯಿರಿ ಅಂದರೆ ತಿಂಗಳು ಕತ್ತಲೆ. ಅದಕ್ಕೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಇಎಲ್‌ಸಿಬಿ ಸ್ವಿಚ್ ಹಾಕಿ, ಒಂದು ದೀಪ, ಒಂದು ಪ್ಲಗ್ಗಿನ ಮಟ್ಟಿಗೆ ತಾತ್ಕಾಲಿಕ ಸಂಪರ್ಕ ಕೊಟ್ಟರು. ಕೆಸರು ತೊಳೆಯೋ ಮನೆಗೆ ರಾತ್ರಿ ಒಂದು ಬಲ್ಬು, ಫೋನ್ ಚಾರ್ಜಿಗೆ ಒಂದು ಪ್ಲಗ್ಗು. ಇದು ಮನೆ ಬಾಗಿಲಲ್ಲಿ ನಿಂತು ನೋಡಿದವರಿಗೆ ಮಾತ್ರ ಹೊಳೆಯುವ ಉಪಾಯ, ಆದರೆ ಮೇಲಿನವರು ಒಪ್ಪಿದರೆ ಮಾತ್ರ ಆಗುವ ಕೆಲಸ. ಕೆಲವೇ ತಿಂಗಳಲ್ಲಿ, ಅದೇ ವರ್ಷದ ನವೆಂಬರ್‌ನಲ್ಲಿ, ಗಜ ಚಂಡಮಾರುತ ತಮಿಳುನಾಡಿನ ನಾಗಪಟ್ಟಿನಂ, ತಿರುವಾರೂರು ಕಡೆ ಒಂದು ಲಕ್ಷಕ್ಕೂ ಜಾಸ್ತಿ ಕಂಬ ಉರುಳಿಸಿದಾಗ ಕೇರಳದ ತಂಡಗಳು ಅಲ್ಲಿಗೆ ಹೋಗಿ ಕಂಬ ನೆಟ್ಟವು. ನೀರಿನ ಜಗಳ, ಗಡಿ ಜಗಳ ಎಲ್ಲ ಇದ್ದರೂ ಲೈನ್‌ಮ್ಯಾನ್‌ಗಳ ನಡುವೆ ಅದೊಂದು ಒಳ್ಳೆಯ ಅಭ್ಯಾಸ.

ನಿರ್ಧಾರದ ಅಧಿಕಾರ ಅಂದೆನಲ್ಲ, ಅದಿಲ್ಲದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಬ್ಯಾಂಕಿನ ಉದಾಹರಣೆ ಇದೆ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. ನಮ್ಮ ಚಾಮರಾಜನಗರದ ಕಡೆಯಿಂದ ಹೋಗಿ ಟೀ ತೋಟಗಳಲ್ಲಿ ನೆಲೆಸಿದ್ದವರೂ ಅಲ್ಲಿದ್ದರು. ಸರ್ಕಾರ ತುರ್ತು ಪರಿಹಾರ ಅಂತ 10,000 ರೂಪಾಯಿ ಸಂತ್ರಸ್ತರ ಖಾತೆಗೆ ಹಾಕಿತು. ಅಲ್ಲಿನ ಒಂದು ಗ್ರಾಮೀಣ ಬ್ಯಾಂಕಿನಲ್ಲಿ ಆ ದುಡ್ಡು ಬಂದು ಬಿದ್ದ ಕೂಡಲೇ ಕೆಲವರ ಸಾಲದ ಕಂತು ಕಟ್ ಆಯಿತು. ಸಿಸ್ಟಮ್‌ಗೆ ಗುಡ್ಡ ಕುಸಿದದ್ದು ಗೊತ್ತಿಲ್ಲ. ಅದಕ್ಕೆ ತಾರೀಕು ಗೊತ್ತು, ಬಾಕಿ ಗೊತ್ತು. ಪ್ರತಿಭಟನೆ ಆಯಿತು, ದುಡ್ಡು ವಾಪಸ್ ಹಾಕಿಸಿದರು. ಬ್ರಾಂಚಿನಲ್ಲಿ ಕೂತವರಿಗೆ ಆ ಮನೆಗಳ ಸ್ಥಿತಿ ಗೊತ್ತಿರಲಿಲ್ಲ ಅಂತ ನಾನು ನಂಬೋದಿಲ್ಲ. ಗೊತ್ತಿದ್ದೂ ಆ ಕಂತನ್ನು ತಡೆಯುವ ಗುಂಡಿ ಅವರ ಮೇಜಿನ ಮೇಲೆ ಇರಲಿಲ್ಲ ಅಂತ ಕಾಣುತ್ತದೆ.

ವಿಚಿತ್ರ ಅಂದರೆ ಇದಕ್ಕೆ ನಿಯಮ ಇರಲಿಲ್ಲ ಅಂತಲ್ಲ. ನೈಸರ್ಗಿಕ ವಿಕೋಪದ ಜಾಗಗಳಲ್ಲಿ ಬ್ಯಾಂಕುಗಳು ಏನು ಮಾಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿರ್ದೇಶನ ಆಗಲೇ ಇತ್ತು. ಶೇ 33 ಅಥವಾ ಅದಕ್ಕಿಂತ ಜಾಸ್ತಿ ಬೆಳೆ ಹೋದರೆ ಸಾಲದ ಅವಧಿ ಮುಂದೂಡಬೇಕು, ಮೊದಲ ವರ್ಷ ಕಂತು ಕೇಳಬಾರದು, ಬ್ರಾಂಚ್ ಹಾಳಾದರೆ ತಾತ್ಕಾಲಿಕ ಜಾಗದಿಂದ ಕೆಲಸ ಮಾಡಬಹುದು, ಹೀಗೆಲ್ಲ. ಅದರಲ್ಲೇ ಇನ್ನೊಂದು ಮಾತೂ ಇತ್ತು: ಪ್ರತಿ ಸಲ ಮುಖ್ಯ ಕಚೇರಿಯ ಒಪ್ಪಿಗೆಗೆ ಕಾಯದ ಹಾಗೆ ವಿಭಾಗೀಯ, ವಲಯ ಮ್ಯಾನೇಜರ್‌ಗಳಿಗೆ ಮೊದಲೇ ಅಧಿಕಾರ ಕೊಟ್ಟಿರಬೇಕು ಅಂತ. ಬರೆದವರಿಗೆ ರೋಗ ಗೊತ್ತಿತ್ತು. ಆ ಅಧಿಕಾರ ವಯನಾಡಿನ ಕಲ್ಪೆಟ್ಟದ ಅಥವಾ ಮಡಿಕೇರಿಯ ಕೌಂಟರ್ ತನಕ ಇಳಿದು ಬರೋದು ಬಾಕಿ ಇದೆ, ಅಷ್ಟೇ.

ಅದೇ ಚೂರಲ್‌ಮಲದಲ್ಲಿ ಬಿಎಸ್‌ಎನ್‌ಎಲ್‌ನವರು ಕರೆಂಟ್ ಇಲ್ಲದ ಟವರನ್ನು ಡೀಸೆಲ್ ಜನರೇಟರ್ ಮೇಲೆ ನಡೆಸಿದರು, ಬೇಗನೇ 4ಜಿಯನ್ನೂ ಹಾಕಿದರು. ಹುಡುಕುವವರು, ಆಸ್ಪತ್ರೆಯವರು ಮಾತಾಡಿಕೊಳ್ಳಲು ಅದು ಬಹಳ ಆಧಾರ ಆಯಿತು. ನಷ್ಟದ ಕಂಪನಿ ಅಂತ ವರ್ಷವಿಡೀ ಆಡಿಕೊಳ್ಳುತ್ತೇವೆ. ಲಾಭ ಇಲ್ಲದ ಜಾಗದಲ್ಲೂ ಟವರ್ ಇಟ್ಟುಕೊಂಡಿರುವ ಕಂಪನಿಯ ಬೆಲೆ ಇಂಥ ಒಂದು ವಾರದಲ್ಲಿ ಮಾತ್ರ ಕಾಣುತ್ತದೆ.

ಖಾಸಗಿ ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಯ ಖರ್ಚಿನ ಬಗ್ಗೆ ಎರಡೇ ಮಾತು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. 2019ರಲ್ಲಿ ವಿಪತ್ತು ನಿರ್ವಹಣೆಯನ್ನೂ ಆ ಪಟ್ಟಿಗೆ ಸೇರಿಸಿದರು, ಒಳ್ಳೆಯದೇ. ಆದರೆ ನೌಕರ ರಜೆ ಹಾಕಿ ಹೋಗಿ ಕೆಸರು ತೆಗೆದರೆ, ಆ ದಿನಗಳಿಗೆ ಬೆಲೆ ಕಟ್ಟಿ ಸಿಎಸ್‌ಆರ್ ಲೆಕ್ಕದಲ್ಲಿ ತೋರಿಸುವ ಹಾಗಿಲ್ಲ. ತೋರಿಸಬಹುದು ಅಂದರೆ ಕಂಪನಿಗಳು ಸುಳ್ಳು ಹಾಜರಿ ಬರೆಯುತ್ತವೆ ಅನ್ನೋ ಭಯ ಇರಬೇಕು, ಅದು ಸರಿಯೇ. ಆದರೆ ಫಲ ಏನಾಗುತ್ತದೆ ಅಂದರೆ ಚೆಕ್ ಮತ್ತು ಕಿಟ್ ಲೆಕ್ಕಕ್ಕೆ ಬರುತ್ತದೆ, ಮನುಷ್ಯ ಬರೋದಿಲ್ಲ. ಸಾಫ್ಟ್‌ವೇರ್ ಹುಡುಗರನ್ನು ಬಸ್ಸಿನಲ್ಲಿ ತುಂಬಿ ಗಂಜಿ ಕೇಂದ್ರಕ್ಕೆ ಕರೆದೊಯ್ಯುವುದಕ್ಕಿಂತ, ಅದೇ ಹುಡುಗರು ಆಫೀಸಿನಲ್ಲೇ ಕೂತು ತಾಲ್ಲೂಕು ಕಚೇರಿಗೆ ಹಾನಿಯ ಅರ್ಜಿಗಳನ್ನು ಕಂಪ್ಯೂಟರಿಗೆ ಹಾಕಿಕೊಡುವುದು ಜಾಸ್ತಿ ಉಪಯೋಗ ಅಂತ ನನಗೆ ಅನ್ನಿಸುತ್ತದೆ. ಯಾವ ಕೆಲಸ ಬರುತ್ತದೋ ಅದನ್ನೇ ಮಾಡಿದರೆ ಸಾಕು. ಫೋಟೊ ಅಷ್ಟು ಚೆನ್ನಾಗಿ ಬರಲಿಕ್ಕಿಲ್ಲ.

ಮತ್ತೆ ಕರೆಂಟಿಗೆ ಬರೋಣ. ಗ್ರಾಹಕರ ಹಕ್ಕು ಅಂತ ಒಂದಿದೆ. ಟಿಸಿ ಸುಟ್ಟರೆ ಪಟ್ಟಣದಲ್ಲಿ 24 ಗಂಟೆ, ಹಳ್ಳಿಯಲ್ಲಿ 72 ಗಂಟೆಯೊಳಗೆ ಬದಲಿಸಬೇಕು ಅಂತ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗದ ಸೇವಾ ಮಾನದಂಡ ಹೇಳುತ್ತದೆ, ತಪ್ಪಿದರೆ ಗ್ರಾಹಕ ಪರಿಹಾರ ಕೇಳಬಹುದು. ಪ್ರವಾಹ, ಚಂಡಮಾರುತದಂಥ ಕೈ ಮೀರಿದ ಕಾಲಕ್ಕೆ ಇದು ಅನ್ವಯ ಆಗೋದಿಲ್ಲ. ವಿನಾಯಿತಿ ನ್ಯಾಯವಾದದ್ದೇ. ಗುಡ್ಡವೇ ಹೋದ ಕಡೆ 72 ಗಂಟೆ ಅಂತ ಹಟ ಹಿಡಿದರೆ ಅದು ಪವರ್‌ಮ್ಯಾನ್‌ನ ಕುತ್ತಿಗೆಗೆ ಬರುತ್ತದೆ. ಆದರೆ ಮಲೆನಾಡಿನ ಪ್ರತಿ ಜೂನ್ ಮಳೆಯನ್ನೂ ಕೈ ಮೀರಿದ ವಿಕೋಪ ಅಂತ ಬರೆದುಕೊಂಡು ಕೂತರೆ? ಆಗುಂಬೆಯಲ್ಲಿ ಮಳೆ ಬಂತು ಅನ್ನೋದು ಯಾರಿಗೂ ಆಶ್ಚರ್ಯದ ಸುದ್ದಿಯಲ್ಲ. ಬರುತ್ತದೆ ಅಂತ ಗೊತ್ತಿರುವ ಮಳೆಗೆ ತಯಾರಾಗದೇ ಇದ್ದದ್ದು ಮತ್ತು ಯಾರೂ ಊಹಿಸದ ಕುಸಿತ, ಈ ಎರಡನ್ನೂ ಒಂದೇ ಖಾನೆಯಲ್ಲಿ ಬರೆಯಬಾರದು.

ಹಾಗಾದರೆ ಕೇಳೋದು ಎಲ್ಲಿ? 1912ಕ್ಕೆ ಫೋನ್ ಮಾಡಿ ದೂರು ಕೊಡಬಹುದು, ಆದರೆ ಕಾಲ್ ಸೆಂಟರ್‌ನವರ ಹತ್ತಿರ ಕಂಬ ಇರೋದಿಲ್ಲ. ದರ ಪರಿಷ್ಕರಣೆಗೆ ಕಂಪನಿ ಅರ್ಜಿ ಹಾಕಿದಾಗ ಆಯೋಗ ಸಾರ್ವಜನಿಕ ವಿಚಾರಣೆ ಮಾಡುತ್ತದೆ. ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ, ಯಾರು ಬೇಕಾದರೂ ಆಕ್ಷೇಪಣೆ ಬರೆದು ಕೊಟ್ಟು ಮಾತಾಡಬಹುದು. ಅಲ್ಲಿ ಬರುವವರೆಲ್ಲ ಯೂನಿಟ್‌ಗೆ ಎಷ್ಟು ಪೈಸೆ ಅಂತಲೇ ವಾದ ಮಾಡುತ್ತಾರೆ. ಪೈಸೆಯ ಜೊತೆ ಇನ್ನು ನಾಲ್ಕು ಪ್ರಶ್ನೆಯನ್ನೂ ಕೇಳಿ. ನಮ್ಮ ಸೆಕ್ಷನ್‌ನಲ್ಲಿ ಮಂಜೂರಾದ ಪವರ್‌ಮ್ಯಾನ್ ಹುದ್ದೆ ಎಷ್ಟು, ತುಂಬಿರೋದು ಎಷ್ಟು. ಈ ವರ್ಷ ಮಳೆಗಾಲದ ಗ್ಯಾಂಗ್‌ಮನ್‌ಗಳನ್ನು ಯಾವ ತಾರೀಕಿಗೆ ತೆಗೆದುಕೊಳ್ಳುತ್ತೀರಿ, ಅವರಿಗೆ ವಿಮೆ ಯಾರು ಮಾಡಿಸುತ್ತಾರೆ. ಗ್ಲೌಸ್, ಅರ್ಥಿಂಗ್ ರಾಡ್ ಕೊನೆಯ ಸಲ ಕೊಟ್ಟದ್ದು ಯಾವಾಗ. ಮೇ 31ಕ್ಕೆ ಯಾರ್ಡ್‌ನಲ್ಲಿ ಎಷ್ಟು ಕಂಬ ಇರುತ್ತದೆ. ಉತ್ತರವನ್ನು ಬರೆದು ಕೊಡಿ ಅನ್ನಿ, ಬಾಯಿ ಮಾತಿನಲ್ಲಿ ಬೇಡ.